ಕ್ಯಾನ್ಸರ್ ಸಂಶೋಧನೆಗಾಗಿ ಸೈಕಲ್ ಸವಾರಿ: ತಯಾರಿ ಮತ್ತು ದೇಣಿಗೆ ಸಂಗ್ರಹದ ಬಗ್ಗೆ ಸಲಹೆ ಬೇಕು

ಪ್ರಶ್ನೆ:
ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲೆಂದು ನಡೆಯುವ 100 ಕಿಲೋಮೀಟರ್ ಸೈಕಲ್ ಸವಾರಿಯೊಂದಕ್ಕೆ ಹೆಸರು ಕೊಡಬೇಕೆಂದಿದ್ದೇನೆ. ನನ್ನ ಅಕ್ಕ ಈಗ ಚಿಕಿತ್ಸೆಯಲ್ಲಿದ್ದಾಳೆ. ಅವಳಿಗೆ ಕೊಡುತ್ತಿರುವ ಔಷಧಿಯೂ ಹಿಂದೆ ಯಾರೋ ವರ್ಷಗಟ್ಟಲೆ ಮಾಡಿದ ಸಂಶೋಧನೆಯ ಫಲವಲ್ಲವೇ ಎಂಬ ಯೋಚನೆಯೇ ನನ್ನನ್ನು ಇದಕ್ಕೆ ಹಚ್ಚಿದೆ. ಸೈಕಲ್ ತುಳಿಯುವ ರೂಢಿಯಿದ್ದರೂ ಒಂದೇ ಸಲಕ್ಕೆ 30 ಕಿಲೋಮೀಟರಿಗಿಂತ ಹೆಚ್ಚು ದೂರ ಹೋದವನಲ್ಲ. ಪ್ರತಿ ಸವಾರನೂ ಇಂತಿಷ್ಟು ದೇಣಿಗೆ ತರಲೇಬೇಕೆಂಬ ನಿಯಮವಿದೆ, ಆದರೆ ಪರಿಚಿತರ ಮುಂದೆ ಕೈಯೊಡ್ಡಲು ಸಂಕೋಚವಾಗುತ್ತದೆ. ಆ ಹಣ ನಿಜಕ್ಕೂ ಸಂಶೋಧನೆಗೆ ತಲುಪುತ್ತದೆಯೇ ಎಂಬುದನ್ನೂ ತಿಳಿದವರು ಹೇಳಬೇಕು.

ಉತ್ತರ 1:
ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ದೇಣಿಗೆ ಕೊಡುವವರೂ ನಿಮ್ಮನ್ನು ಅದನ್ನೇ ಕೇಳುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರಲ್ಲಿ 36 ಸವಾರರಿಂದ ಆರಂಭವಾದ ಪ್ಯಾನ್-ಮಾಸ್ ಚಾಲೆಂಜ್, ಸವಾರರು ಕೂಡಿಸಿದ ಹಣವನ್ನು ಪೂರ್ತಿಯಾಗಿ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಒಪ್ಪಿಸುತ್ತದೆ. ಸವಾರಿ ನಡೆಸುವ ಖರ್ಚನ್ನು ನೋಂದಣಿ ಶುಲ್ಕದಿಂದಲೂ ಪ್ರಾಯೋಜಕರಿಂದಲೂ ತೂಗಿಸಿಕೊಳ್ಳುತ್ತದೆ. ಎಲ್ಲ ಕಡೆಯೂ ಹೀಗೆಯೇ ಇರುವುದಿಲ್ಲ. ಆದ್ದರಿಂದ ಖರ್ಚನ್ನು ಯಾರು ಹೊರುತ್ತಾರೆ, ಲೆಕ್ಕಪರಿಶೋಧನೆಯಾದ ವಾರ್ಷಿಕ ವರದಿ ಪ್ರಕಟವಾಗಿದೆಯೇ, ಗುರಿ ಮುಟ್ಟದಿದ್ದರೆ ಉಳಿದ ಮೊತ್ತವನ್ನು ಸವಾರನೇ ತುಂಬಬೇಕೇ ಎಂಬುದನ್ನು ನೋಂದಣಿಗೆ ಮುನ್ನವೇ ಓದಿಕೊಳ್ಳಿ.

ಈ ಹಣಕ್ಕೆ ಒಂದು ವಿಶೇಷ ಬೆಲೆಯಿದೆ ಎಂದು ನಾನು ದೃಢವಾಗಿ ನಂಬುತ್ತೇನೆ. ದೊಡ್ಡ ಅನುದಾನ ನೀಡುವವರು ಸಾಮಾನ್ಯವಾಗಿ ಪ್ರಾಥಮಿಕ ಫಲಿತಾಂಶಗಳನ್ನು ಕೇಳುತ್ತಾರೆ. ಹೊಸ ಆಲೋಚನೆಯೊಂದನ್ನು ಹಿಡಿದು ಹೊರಟ ಯುವ ಸಂಶೋಧಕರ ಕೈಯಲ್ಲಿ ಅವು ಇರುವುದಿಲ್ಲ. ಆ ಮೊದಲ ಹೆಜ್ಜೆಗೆ ನೆರವಾಗುವುದು ಬಹಳ ಸಲ ಇಂಥ ದೇಣಿಗೆಯೇ. ಒಹಾಯೊದಲ್ಲಿ 2009ರಿಂದ ನಡೆಯುತ್ತಿರುವ ಪೆಲೊಟೋನಿಯಾ ಸವಾರಿಯ ಹಣದಿಂದ ಹೊಸ ಆಲೋಚನೆಗಳಿಗೂ ಸಂಶೋಧನಾ ವಿದ್ಯಾರ್ಥಿಗಳಿಗೂ ನೆರವು ಸಿಗುತ್ತಿದೆ.

ಉತ್ತರ 2:
ದೂರದ ಬಗ್ಗೆ ಹೆದರಬೇಡಿ, ಮೂರು ತಿಂಗಳ ಸಮಯವಿದ್ದರೆ ಸಾಕು. ವಾರಕ್ಕೊಂದು ದೀರ್ಘ ಸವಾರಿಯನ್ನಿಟ್ಟುಕೊಂಡು ಅದನ್ನು ಪ್ರತಿ ವಾರ ಸುಮಾರು ಶೇ. 10ರಷ್ಟು ಹೆಚ್ಚಿಸುತ್ತ, ನಡುನಡುವೆ ಒಂದು ವಾರ ದೂರವನ್ನು ಕಡಿಮೆ ಮಾಡಿ ದೇಹಕ್ಕೆ ಬಿಡುವು ಕೊಡುತ್ತ ಹೋದರೆ 75 ಕಿಲೋಮೀಟರಿನ ಆಸುಪಾಸಿಗೆ ಬರುತ್ತೀರಿ. ಅಷ್ಟು ತುಳಿದವರಿಗೆ ನೂರು ಅಸಾಧ್ಯವಲ್ಲ. ಪೆಡಲ್ ಕೆಳತುದಿಯಲ್ಲಿರುವಾಗ ಮೊಣಕಾಲು ತುಸುವೇ ಬಾಗಿರುವಂತೆ ಸೀಟಿನ ಎತ್ತರವನ್ನು ಈಗಲೇ ಸರಿಮಾಡಿಕೊಳ್ಳಿ. ಹಸಿವಾಗುವವರೆಗೆ ಕಾಯದೆ ಮೊದಲ ಗಂಟೆಯಿಂದಲೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸೇರುವಂತೆ ತಿನ್ನುತ್ತಿರಬೇಕು, ಮತ್ತು ಅದನ್ನು ಅಭ್ಯಾಸದ ಸವಾರಿಗಳಲ್ಲೇ ರೂಢಿಸಿಕೊಳ್ಳಬೇಕು.

ಹೆಚ್ಚಿನವರು ಮರೆಯುವುದು ಗುಂಪಿನಲ್ಲಿ ತುಳಿಯುವ ಅಭ್ಯಾಸವನ್ನು. ನಿಮ್ಮ ಮುಂದಿನ ಚಕ್ರ ಎದುರಿನವರ ಹಿಂದಿನ ಚಕ್ರದ ಪಕ್ಕಕ್ಕೆ ಬರದಂತೆ ಅಂತರ ಬಿಡಬೇಕು, ಏಕಾಏಕಿ ಬ್ರೇಕ್ ಹಿಡಿಯಬಾರದು, ನಿಲ್ಲುವಾಗಲೂ ತಿರುಗುವಾಗಲೂ ಕೈಸನ್ನೆ ಮಾಡಬೇಕು. ಒಂಟಿಯಾಗಿ ಎಷ್ಟೇ ತುಳಿದರೂ ಇವು ಬರುವುದಿಲ್ಲ.

ಉತ್ತರ 3:
ಕಾಲುಗಳಿಗೆ ಮಾಡುವಷ್ಟೇ ತಯಾರಿಯನ್ನು ಕೇಳುವುದಕ್ಕೂ ಮಾಡಬೇಕು. ಇದನ್ನು ಕೈಯೊಡ್ಡುವುದೆಂದು ನಾನು ಕರೆಯಲಾರೆ, ಏಕೆಂದರೆ ನೀವು ಕೇಳುತ್ತಿರುವುದು ನಿಮಗಾಗಿ ಅಲ್ಲ. ಆದರೆ ಅಕ್ಕನ ಕಾಯಿಲೆಯ ವಿಷಯವನ್ನು ಬರೆಯುವ ಮುನ್ನ ಅವರ ಒಪ್ಪಿಗೆ ಪಡೆಯಿರಿ. ಅವರಿಗೆ ಇಷ್ಟವಿಲ್ಲದಿದ್ದರೆ ಸಂಶೋಧನೆಯ ಅಗತ್ಯವನ್ನಷ್ಟೇ ಹೇಳಿದರೂ ಸಾಕು. ಮೊದಲ ದೇಣಿಗೆ ನಿಮ್ಮದೇ ಆಗಿರಲಿ. ಎಲ್ಲರಿಗೂ ಒಂದೇ ಸಂದೇಶ ಕಳುಹಿಸಿದರೆ ಉತ್ತರಿಸುವ ಹೊಣೆ ಯಾರಿಗೂ ತಟ್ಟುವುದಿಲ್ಲ, ಆದ್ದರಿಂದ ಒಬ್ಬೊಬ್ಬರಿಗೂ ಹೆಸರು ಹಿಡಿದು, ಹಣ ಯಾವ ಸಂಸ್ಥೆಗೆ ಹೋಗುತ್ತದೆ, ಯಾವ ದಿನಾಂಕದೊಳಗೆ ಕೊಡಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಉದ್ಯೋಗಿಗಳು ಕೂಡಿಸಿದಷ್ಟೇ ಮೊತ್ತವನ್ನು ತಾವೂ ಸೇರಿಸುವ ಕಂಪನಿಗಳಿವೆ. ನಿಮ್ಮ ಕಚೇರಿಯಲ್ಲಿ ವಿಚಾರಿಸಿ ನೋಡಿ. ಸವಾರಿ ಮುಗಿದ ಮೇಲೂ ಕೆಲವು ವಾರ ದೇಣಿಗೆ ಸ್ವೀಕರಿಸುವ ಸಂಘಟಕರಿದ್ದಾರೆ, ಹಾಗಾಗಿ ಅದುವರೆಗೆ ಉತ್ತರಿಸದವರಿಗೆ ಆಗ ಇನ್ನೊಮ್ಮೆ ಬರೆಯಲು ಹಿಂಜರಿಯಬೇಡಿ.