42 ಇಂಚಿನ ಹಳೆ ಪ್ಲಾಸ್ಮಾ ಟಿವಿ: ಕಪ್ಪು ಬೂದಿ ಥರ ಕಾಣ್ತಿದೆ, ಕತ್ತಲೆ ಸೀನಲ್ಲಿ ಚುಕ್ಕಿ. ಇಟ್ಟುಕೊಳ್ಳಲಾ, ವಾಪಸ್ ಕೊಡಲಾ?

ಸೇಡಂ ರೋಡ್

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಪರಿಚಯದವರೊಬ್ಬರು ಊರು ಬಿಡುತ್ತಿದ್ದಾರೆ. ಅವರ 42 ಇಂಚಿನ ಪ್ಲಾಸ್ಮಾ ಟಿವಿ ಕಡಿಮೆ ರೇಟಿಗೆ ಸಿಗುತ್ತಿದೆ. "ಮನೆಗೆ ಒಯ್ದು ನೋಡಪ್ಪಾ, ಮನಸ್ಸಿಗೆ ಬಂದರೆ ದುಡ್ಡು ಕೊಡು" ಅಂದಿದ್ದಾರೆ. ಅಪ್ಪನಿಗೆ ಕ್ರಿಕೆಟ್ ಬೇಕು, ನನಗೆ ರಾತ್ರಿ ಸಿನಿಮಾ. ಪ್ಲಾಸ್ಮಾದಲ್ಲಿ ಕಪ್ಪು ಅಂದರೆ ಅಪ್ಪಟ ಕಪ್ಪು ಅಂತ ಕೇಳಿದ್ದೆ. ಇಲ್ಲಿ ನೋಡಿದರೆ ಉಲ್ಟಾ.

ಟಿವಿ ಇಟ್ಟಿರುವ ಹಾಲ್‌ನ ಕಿಟಕಿ ಪಶ್ಚಿಮಕ್ಕಿದೆ. ಮಧ್ಯಾಹ್ನದ ಮೇಲೆ ಟಿವಿಯೊಳಗೆ ಚಿತ್ರಕ್ಕಿಂತ ನಾವೇ ಜಾಸ್ತಿ ಕಾಣುತ್ತೇವೆ. ಸೆಟ್‌ಟಾಪ್ ಬಾಕ್ಸ್ ಎಚ್‌ಡಿಎಂಐನಲ್ಲಿ ಹಚ್ಚಿದ್ದೇನೆ. ಸಿನಿಮಾ ಹಾಕಿದಾಗ ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿ ಬೂದಿ ಬಣ್ಣಕ್ಕೆ ತಿರುಗಿದೆ. ಬಲಗಡೆ ಮೇಲೆ ಯಾವುದೋ ನ್ಯೂಸ್ ಚಾನೆಲ್ಲಿನ ಲೋಗೋ ಮಸುಕಾಗಿ ಉಳಿದಿದೆ. ಹತ್ತಿರ ಹೋದರೆ ಗುಂಯ್ ಅನ್ನುವ ಸದ್ದು. ಕತ್ತಲೆ ಸೀನ್ ಬಂದರೆ ಅಲ್ಲಲ್ಲಿ ಕೆಂಪು, ಹಸಿರು ಚುಕ್ಕಿ ಮಿಣಮಿಣ ಅನ್ನುತ್ತವೆ. ಲ್ಯಾಪ್‌ಟಾಪ್ ಹಚ್ಚಿದರೆ ಅಕ್ಷರ ಒರಟು.

ಸೂಪರ್ ಮಾರ್ಕೆಟ್ ಕಡೆ ಒಬ್ಬ ಅಂಗಡಿಯವರನ್ನು ಕೇಳಿದೆ. ಟಿವಿ ನೋಡದೇನೇ "ಪ್ಯಾನೆಲ್ ಹೋಗಿದೆ, ಬೇಡ" ಅಂದುಬಿಟ್ಟರು. ಇದರಲ್ಲಿ ಯಾವುದು ನಿಜವಾದ ತೊಂದರೆ, ಯಾವುದು ಪ್ಲಾಸ್ಮಾದ ಸಹಜ ಗುಣ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಬೀದರ್ ಕಾಕಾ

ತಮ್ಮಾ, ಗಡಿಬಿಡಿ ಮಾಡಬೇಡ. ನೀನು ಹೇಳಿದ್ದರಲ್ಲಿ ಒಂದೇ ಒಂದು ವಿಷಯಕ್ಕೆ ನಾನು ಹುಬ್ಬು ಗಂಟು ಹಾಕುತ್ತೇನೆ, ಆ ಚುಕ್ಕಿಗಳಿಗೆ. ಉಳಿದದ್ದೆಲ್ಲ ಸೆಟ್ಟಿಂಗ್, ಜಾಗ, ಇಲ್ಲವೇ ಪ್ಲಾಸ್ಮಾದ ಸ್ವಭಾವ.

ಮೊದಲು ಬೆಳಕಿನ ಮಾತು. ಪ್ಲಾಸ್ಮಾವನ್ನು ಹಗಲಲ್ಲಿ ನೋಡಿ ತೀರ್ಮಾನ ಮಾಡಬಾರದು. ಇದರ ಹಿಂದೆ ಎಲ್‌ಸಿಡಿ ಥರ ದೀಪ ಇರುವುದಿಲ್ಲ. ಎರಡು ಗಾಜಿನ ನಡುವೆ ಲಕ್ಷಾಂತರ ಪುಟ್ಟ ಕೋಣೆ, ಒಳಗೆ ನಿಯಾನ್, ಕ್ಸೆನಾನ್ ಅನಿಲ. ಕರೆಂಟ್ ಕೊಟ್ಟಾಗ ಅನಿಲದಿಂದ ಕಣ್ಣಿಗೆ ಕಾಣದ ಯುವಿ ಬೆಳಕು ಹೊರಡುತ್ತದೆ. ಅದು ಕೋಣೆಯ ಗೋಡೆಗೆ ಬಳಿದ ಫಾಸ್ಫರ್ ಅನ್ನುವ ಹೊಳೆಯುವ ಪುಡಿಗೆ ಬಡಿದು ಕೆಂಪೋ ಹಸಿರೋ ನೀಲಿಯೋ ಹೊಳೆಯುತ್ತದೆ. ಕಪ್ಪು ಬೇಕಾದ ಕಡೆ ಆ ಕೋಣೆ ಹೆಚ್ಚುಕಮ್ಮಿ ಆರಿಯೇ ಇರುತ್ತದೆ. ಲೈಟ್ ಆರಿಸಿದ ಮನೆಯಲ್ಲಿ ಇದರ ಕಪ್ಪು ಗೆಲ್ಲುವುದು ಅದಕ್ಕೇ. ಆದರೆ ಮುಂದೆ ಗಾಜು, ಒಟ್ಟು ಬೆಳಕೂ ಕಮ್ಮಿ. ಪಶ್ಚಿಮದ ಕಿಟಕಿ ಎದುರಿಗಿದ್ದರೆ ಎಂಥ ಪ್ಲಾಸ್ಮಾನೂ ಸೋಲುತ್ತದೆ. ಟಿವಿಯ ಬೆನ್ನು ಕಿಟಕಿ ಇರುವ ಗೋಡೆಗೆ ಬರುವ ಹಾಗೆ ಇಡು, ಅಥವಾ ಕಿಟಕಿಗೆ ದಪ್ಪ ಪರದೆ ಹಾಕು. ಪರೀಕ್ಷೆ ಮಾತ್ರ ರಾತ್ರಿ ಮಾಡು.

ಇನ್ನೊಂದು, ಪೂರ್ತಿ ಬಿಳಿ ಚಿತ್ರ ಬಂದಾಗ ಪರದೆ ಸ್ವಲ್ಪ ಮಂಕಾಗುತ್ತದೆ. ಎಲ್ಲ ಕೋಣೆ ಒಟ್ಟಿಗೆ ಹೊತ್ತಿಸಲು ಬಹಳ ಕರೆಂಟ್ ಬೇಕು, ಹಾಗಾಗಿ ಟಿವಿ ತಾನೇ ಬೆಳಕು ತಗ್ಗಿಸುತ್ತದೆ. ಅದು ಕೆಟ್ಟಿದ್ದಲ್ಲ.

ಈಗ ನಿನ್ನ ಬೂದಿ ಬಣ್ಣದ ಪಟ್ಟಿ. ಬಹಳ ಸಲ ಇದು ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಹೊಂದದೇ ಇರುವುದು. ಬಾಕ್ಸ್ ಕಳಿಸುವ ವಿಡಿಯೋದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಲೆಕ್ಕದಲ್ಲಿ ಕಪ್ಪು 0, ಬಿಳಿ 255. ಟಿವಿ ಕಂಪ್ಯೂಟರ್ ಲೆಕ್ಕದಲ್ಲಿ ಕೂತಿದ್ದರೆ ಬಾಕ್ಸ್ ಕೊಟ್ಟ 16 ಅದಕ್ಕೆ ಬೂದಿಯಾಗಿ ಕಾಣುತ್ತದೆ. ಪಿಕ್ಚರ್ ಮೆನುವಿನಲ್ಲಿ ಬ್ಲ್ಯಾಕ್ ಲೆವೆಲ್ ಅಂತ ಇರುತ್ತದೆ, ಲೋ, ಹೈ ಎರಡನ್ನೂ ಹಾಕಿ ನೋಡು. ಅದೇ ಹೊತ್ತಿಗೆ ಪಿಕ್ಚರ್ ಮೋಡ್ ವಿವಿಡ್‌ನಲ್ಲಿದ್ದರೆ ತೆಗೆದು ಸಿನಿಮಾ ಮೋಡ್ ಹಾಕು. ಮೊದಲು ಹಳದಿ ಹಳದಿ ಅನಿಸುತ್ತದೆ, ಕಣ್ಣಿಗೆ ಹೊಂದಿಕೊಂಡ ಮೇಲೆ ಮುಖದ ಬಣ್ಣ ಸರಿ ಅಂತ ಗೊತ್ತಾಗುತ್ತದೆ. ಶಾರ್ಪ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸು.

ಸರಿ ಆಯಿತಾ ಇಲ್ಲವಾ ಅಂತ ತಿಳಿಯಲು ನಮ್ಮೂರ ಪರೀಕ್ಷೆ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಬಿದರಿ ಹೂದಾನಿಯೋ ಡಬ್ಬಿಯೋ ಇರಬಹುದು, ನಮ್ಮ ಕಡೆ ಮದುವೆಗಳಲ್ಲಿ ಕೊಡುತ್ತಾರಲ್ಲ. ಅದನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಪಕ್ಕದಿಂದ ಒಂದೇ ದೀಪ ಬಿಟ್ಟು ಫೋನಲ್ಲಿ ಫೋಟೋ ತೆಗಿ. ಫೋಟೋವನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ತೆರೆ. ಸತು, ತಾಮ್ರದ ಪಾತ್ರೆಗೆ ಕೋಟೆಯ ಮಣ್ಣಿನಿಂದ ಬಂದ ಆ ಮ್ಯಾಟ್ ಕಪ್ಪು, ಅದರೊಳಗೆ ಕೂಡಿಸಿದ ಬೆಳ್ಳಿ ಬಳ್ಳಿ, ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಬ್ರೈಟ್‌ನೆಸ್ ಸರಿ ಇದ್ದರೆ ಹೂದಾನಿಯ ಹೊಟ್ಟೆ ಎಲ್ಲಿ ಮುಗಿದು ಬಟ್ಟೆ ಎಲ್ಲಿ ಶುರು ಅಂತ ಆ ದುಂಡು ಅಂಚು ಕಣ್ಣಿಗೆ ಕಾಣಬೇಕು. ಅಂಚು ಬಟ್ಟೆಯೊಳಗೆ ಮುಳುಗಿದರೆ ಬ್ರೈಟ್‌ನೆಸ್ ಬಹಳ ಕೆಳಗಿದೆ. ಬಟ್ಟೆಯೇ ಧೂಳು ಕೂತ ಹಾಗೆ ಕಂಡರೆ ಬಹಳ ಮೇಲಿದೆ. ಬೆಳ್ಳಿ ಎಸಳುಗಳು ಒಂದಕ್ಕೊಂದು ಅಂಟಿ ಬರೀ ಬಿಳಿ ಆದರೆ ಕಾಂಟ್ರಾಸ್ಟ್ ಇಳಿಸು. ಯುಎಸ್‌ಬಿಗೂ ಎಚ್‌ಡಿಎಂಐಗೂ ಸೆಟ್ಟಿಂಗ್ ಬೇರೆ ಬೇರೆ ಇರಬಹುದು. ಅದೇ ಫೋಟೋವನ್ನು ಎಚ್‌ಡಿಎಂಐ ಮೂಲಕವೂ ಒಮ್ಮೆ ಹಾಕಿ ನೋಡು.

ಚುಕ್ಕಿಗಳ ಬಗ್ಗೆ ಎರಡು ಪ್ರಶ್ನೆ. ಎಷ್ಟು ದೂರದಿಂದ ಕಾಣುತ್ತವೆ? ಟಿವಿ ಬಿಸಿ ಆದ ಮೇಲೆ ಹೆಚ್ಚೋ ಕಮ್ಮಿಯೋ? ಮೂಗು ತಾಗಿಸಿ ನೋಡಿದರೆ ಯಾವ ಪ್ಲಾಸ್ಮಾದಲ್ಲೂ ಕತ್ತಲೆ ಜಾಗ ಕುದಿಯುತ್ತಿರುತ್ತದೆ. ಕೋಣೆಗಳು ಬೇಗ ಬೇಗ ಹೊತ್ತಿ ಆರಿ ನಸುಗಪ್ಪನ್ನು ತಯಾರಿಸುತ್ತವೆ, ಅದು ಸಹಜ. ಸೋಫಾದಿಂದಲೂ ಕಾಣುತ್ತಿದ್ದರೆ ಮಾತು ಬೇರೆ.

ಗಂಜ್ ಏರಿಯಾ

ಸುಮ್ನೆ ತಲೆನೋವು ಯಾಕೆ ಬ್ರದರ್? ಹೊಸ ಎಲ್‌ಇಡಿ ತಗೊಳ್ಳಿ. ಕರೆಂಟ್ ಬಿಲ್ಲೂ ಉಳಿಯುತ್ತದೆ, ಸ್ಮಾರ್ಟ್ ಕೂಡ ಬರುತ್ತದೆ.

ಬೀದರ್ ಕಾಕಾ

ಬಿಲ್ಲಿನ ಮಾತು ನಿಜ. 42 ಇಂಚಿನ ಪ್ಲಾಸ್ಮಾ 200 ವ್ಯಾಟ್ ಸುಲಭವಾಗಿ ದಾಟುತ್ತದೆ, ಅದೇ ಅಳತೆಯ ಎಲ್‌ಇಡಿ ಅದರ ಅರ್ಧವನ್ನೂ ತಿನ್ನುವುದಿಲ್ಲ. ದಿನವಿಡೀ ಟಿವಿ ಓಡುವ ಮನೆ ಆದರೆ ನಾನೂ ಎಲ್‌ಇಡಿ ಅನ್ನುತ್ತೇನೆ. ಆದರೆ ಆ ಹುಡುಗನಿಗೆ ಬೇಕಿರುವುದು ಕ್ರಿಕೆಟ್, ರಾತ್ರಿಯ ಸಿನಿಮಾ. ಅಗ್ಗದ ಎಲ್‌ಇಡಿಯಲ್ಲಿ ಚೆಂಡು ಬೌಂಡರಿ ಕಡೆ ಓಡುವಾಗ ಹುಲ್ಲು ಕಲಸಿ ಹೋಗುತ್ತದೆ. ಪ್ಲಾಸ್ಮಾದಲ್ಲಿ ಕ್ಯಾಮೆರಾ ತಿರುಗಿದರೂ ಹುಲ್ಲಿನ ಒಂದೊಂದು ಗೆರೆಯೂ ಸ್ಪಷ್ಟವಾಗಿ ಉಳಿಯುತ್ತದೆ. ಪಕ್ಕದಲ್ಲಿ ಕೂತವರಿಗೂ ಬಣ್ಣ ಬದಲಾಗುವುದಿಲ್ಲ. ಇದು ಇವತ್ತಿಗೂ ಸಣ್ಣ ಮಾತಲ್ಲ.

ಮುಂದೆ ಅಂಟಿಸಿರುವ 600 ಹರ್ಟ್ಜ್ ಸ್ಟಿಕ್ಕರ್ ನೋಡಿ ಮಾತ್ರ ಹಿಗ್ಗಬೇಡಿ. ಸೆಕೆಂಡಿಗೆ 600 ಚಿತ್ರ ಬರುವುದಿಲ್ಲ. ಒಂದೊಂದು ಚಿತ್ರವನ್ನೂ ಹತ್ತೋ ಹನ್ನೆರಡೋ ತುಂಡು ಮಾಡಿ ಹೊತ್ತಿಸುತ್ತಾರೆ, 50ನ್ನು 12ರಿಂದ ಗುಣಿಸಿದರೆ 600. ಅಷ್ಟೇ.

ಸ್ಮಾರ್ಟ್ ಬೇಕಾದರೆ ಎಚ್‌ಡಿಎಂಐಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದರೆ ಮುಗಿಯಿತು. ಟಿವಿಯೊಳಗಿನ ಹಳೆ ಆ್ಯಪ್‌ಗಳ ಮೇಲೆ ಆಸೆ ಇಡಬೇಡಿ. 4ಕೆ, ಎಚ್‌ಡಿಆರ್ ಇದರಲ್ಲಿ ಇಲ್ಲ.

ಯಾದಗಿರಿ ಸರ್ವಿಸ್ ಬೆಂಚ್

ಕಾಕಾ ಹೇಳಿದ್ದು ಸರಿ ಇದೆ. ರಿಪೇರಿ ಕಡೆಯಿಂದ ನಾನು ಸ್ವಲ್ಪ ಸೇರಿಸುತ್ತೇನೆ.

ಸರ್, ಕೆಂಪು ಹಸಿರು ಚುಕ್ಕಿ ಕಂಡ ತಕ್ಷಣ ಪ್ಯಾನೆಲ್ ಹೋಗಿದೆ ಅನ್ನೋದು ತಪ್ಪು. ಹಳೆ ಪ್ಲಾಸ್ಮಾಗಳಲ್ಲಿ ಬಹಳ ಸಲ ವಿಎಸ್, ಅಂದರೆ ಕೋಣೆಗಳನ್ನು ಹೊತ್ತಿಸಿಡುವ ಸಸ್ಟೇನ್ ವೋಲ್ಟೇಜ್, ಇಳಿದಿರುತ್ತದೆ. ಆಗ ಕೆಲವು ಕೋಣೆಗಳು ಹೊತ್ತಬೇಕಾದಾಗ ಹೊತ್ತುವುದಿಲ್ಲ, ಬೇಡದಾಗ ಕಿಡಿ ಹಾರಿಸುತ್ತವೆ. ಪ್ಯಾನೆಲ್ ಹಿಂಭಾಗದಲ್ಲಿ ಒಂದು ಲೇಬಲ್ ಇರುತ್ತದೆ. ಅದರ ಮೇಲೆ ಆ ಪ್ಯಾನೆಲ್‌ಗೆ ಎಷ್ಟು ವಿಎಸ್, ಎಷ್ಟು ವಿಎ (ಯಾವ ಕೋಣೆ ಹೊತ್ತಬೇಕು ಅಂತ ಆರಿಸುವ ವೋಲ್ಟೇಜ್) ಅಂತ ಫ್ಯಾಕ್ಟರಿಯಲ್ಲೇ ಬರೆದಿರುತ್ತಾರೆ. ಒಂದೇ ಮಾಡೆಲ್ಲಿನ ಎರಡು ಟಿವಿಗೂ ಅಂಕಿ ಬೇರೆ ಇರಬಹುದು. ಪವರ್ ಸಪ್ಲೈ ಬೋರ್ಡಿನಲ್ಲಿ ಅಳೆದು, ಲೇಬಲ್‌ಗೆ ತಕ್ಕಂತೆ ಅಲ್ಲಿರುವ ವಿಆರ್ (ವೋಲ್ಟೇಜ್ ಹೊಂದಿಸುವ ಸಣ್ಣ ತಿರುಪು) ತಿರುಗಿಸಿ ಕೂಡಿಸಬೇಕು. ಅಷ್ಟಕ್ಕೂ ಹೋಗದಿದ್ದರೆ ಪ್ಯಾನೆಲ್ಲಿನ ಕೋಣೆಗಳಿಗೆ ಕರೆಂಟ್ ಕೊಡುವ ವೈ ಬೋರ್ಡ್ ಅಥವಾ ಝಡ್ ಬೋರ್ಡ್ ನೋಡಬೇಕು. ಅದಾದ ಮೇಲೆ ಪ್ಯಾನೆಲ್ ಮೇಲೆ ಅನುಮಾನ.

ಇದನ್ನು ನೀವು ಮಾಡಬೇಡಿ, ಕೈ ಮುಗಿದು ಹೇಳುತ್ತೇನೆ. ಅಲ್ಲಿ 200 ವೋಲ್ಟಿನ ಆಸುಪಾಸಿನ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಪ್ಲಾಸ್ಮಾ ಕೈ ಹಾಕಿ ಗೊತ್ತಿರುವ ಮೆಕ್ಯಾನಿಕ್ ಇದ್ದರೆ ಮಾತ್ರ ಹಿಂದಿನ ಮುಚ್ಚಳ ತೆಗೆಸಿ.

ಹಣ ಕೊಡುವ ಮೊದಲು ಇನ್ನೊಂದು ನೋಡಿ. ಮೇಲಿನಿಂದ ಕೆಳಗಿನವರೆಗೆ ಬಣ್ಣದ ಒಂದು ಉದ್ದ ಗೆರೆ ನಿಂತಿದೆಯಾ? ಇದ್ದರೆ ಕಣ್ಣು ಮುಚ್ಚಿ ವಾಪಸ್ ಕೊಡಿ. ಗಾಜಿಗೆ ಅಂಟಿಸಿದ ರಿಬ್ಬನ್ನಿನ ತೊಂದರೆ ಇರುತ್ತದೆ, ನಮ್ಮಂಥವರ ಬೆಂಚಲ್ಲಿ ಅದು ಆಗುವುದಿಲ್ಲ. ಅಡ್ಡ ಗೆರೆ ಆದರೆ ಅಡ್ಡ ಸಾಲುಗಳನ್ನು ನಡೆಸುವ ಬಫರ್ ಬೋರ್ಡ್ ಬದಲಿಸಿ ಉಳಿಸಿಕೊಳ್ಳುವ ಚಾನ್ಸ್ ಇದೆ.

ಬೋರ್ಡ್ ಹೊಸದು ಸಿಗುತ್ತದೆ ಅಂದುಕೊಳ್ಳಬೇಡಿ. ಪ್ಯಾನಾಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು, ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ. ಈಗ ಬರುವುದೆಲ್ಲ ಒಡೆದ ಟಿವಿಗಳಿಂದ ಬಿಚ್ಚಿದ ಬೋರ್ಡ್. ನಾವು ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿಗೆ ಹೋಗಿ ಹುಡುಕುತ್ತೇವೆ. ಬೋರ್ಡ್ ಮೇಲಿನ ಪಾರ್ಟ್ ನಂಬರ್ ಫೋಟೋ ಇಲ್ಲದೆ ಹೋದರೆ ಬರಿಗೈಲಿ ಬರಬೇಕಾಗುತ್ತದೆ.

ಗುಂಯ್ ಸದ್ದು ಹತ್ತಿರ ಹೋದಾಗ ಮಾತ್ರ ಕೇಳಿದರೆ ಬಿಟ್ಟುಬಿಡಿ. ಚಿತ್ರದಲ್ಲಿ ಬಿಳಿ ಜಾಸ್ತಿ ಆದಂತೆ ಸದ್ದೂ ಏರುತ್ತದೆ, ಪ್ಲಾಸ್ಮಾ ಹಾಗೇ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮಾತ್ರ ಓಡಿಸಬೇಡಿ.

ಸೇಡಂ ರೋಡ್

ಕಾಕಾ, ಸರ್, ಇಬ್ಬರಿಗೂ ಬಹಳ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಮಾಡಿದೆ.

ಬ್ಲ್ಯಾಕ್ ಲೆವೆಲ್ ಬದಲಿಸಿದ ಕೂಡಲೇ ಬೂದಿ ಪಟ್ಟಿ ಮಾಯ. ಲೈಟ್ ಆರಿಸಿದರೆ ಸಿನಿಮಾದ ಪಟ್ಟಿ ಎಲ್ಲಿ ಮುಗಿಯಿತು, ಟಿವಿಯ ಚೌಕಟ್ಟು ಎಲ್ಲಿ ಶುರುವಾಯಿತು ಅಂತ ಹುಡುಕಬೇಕು. ಅಮ್ಮನ ಬಿದರಿ ಡಬ್ಬಿಯ ಫೋಟೋ ಹಾಕಿದೆ. ಮೊದಲು ಮುಚ್ಚಳದ ಅಂಚು ಬಟ್ಟೆಯಲ್ಲಿ ಕಳೆದುಹೋಗಿತ್ತು. ಬ್ರೈಟ್‌ನೆಸ್ ಒಂದೊಂದೇ ಏರಿಸುತ್ತಾ ಹೋದಾಗ ಅಂಚು ತೆಳ್ಳಗೆ ಎದ್ದು ಬಂತು, ಬೆಳ್ಳಿಯ ಎಲೆಯೊಳಗಿನ ಸಣ್ಣ ಗೀರುಗಳೂ ಕಂಡವು. ಅಪ್ಪ ಬಂದು "ಇದು ಟಿವಿಯಲ್ಲಿದೆಯೋ ಟೇಬಲ್ ಮೇಲಿದೆಯೋ" ಅಂದರು.

ಚುಕ್ಕಿ ಮಾತ್ರ ಸೋಫಾದಿಂದಲೂ ಕಾಣುತ್ತಿವೆ. ಟಿವಿ ಹಚ್ಚಿದ ಹೊಸದರಲ್ಲಿ ಜಾಸ್ತಿ, ಬಿಸಿ ಆದ ಮೇಲೆ ಕಮ್ಮಿ, ಪೂರ್ತಿ ಹೋಗುವುದಿಲ್ಲ. ಉದ್ದ ಗೆರೆ ಎಲ್ಲೂ ಇಲ್ಲ. ಆ ಲೋಗೋಗೆ ಏನು ಮಾಡಲಿ?

ಬೀದರ್ ಕಾಕಾ

ಹಚ್ಚಿದ ಹೊಸದರಲ್ಲಿ ಜಾಸ್ತಿ ಅಂದರೆ ಸರ್ವಿಸ್ ಬೆಂಚ್‌ನವರು ಹೇಳಿದ ವಿಎಸ್ ಕಡೆಗೇ ಬೆರಳು ಹೋಗುತ್ತದೆ. ಅಳೆಸು.

ಲೋಗೋ ಎರಡು ಥರ ಇರುತ್ತದೆ. ಒಂದು ತಾತ್ಕಾಲಿಕ ನೆರಳು. ಪರದೆ ತುಂಬ ಓಡಾಡುವ ಚಿತ್ರ ಕೆಲವು ಗಂಟೆ ಹಾಕಿದರೆ ಕರಗುತ್ತದೆ. ಇನ್ನೊಂದು ಬರ್ನ್ ಇನ್. ಆ ಜಾಗದ ಫಾಸ್ಫರ್ ಉಳಿದದ್ದಕ್ಕಿಂತ ಬೇಗ ಸವೆದಿರುತ್ತದೆ, ಅದು ಹೋಗುವುದಿಲ್ಲ. ಫೋನಲ್ಲಿ ಬರೀ ಬೂದಿ, ಬರೀ ಕೆಂಪು, ಬರೀ ನೀಲಿ ಬಣ್ಣದ ಚಿತ್ರ ಮಾಡಿ ಟಿವಿಯಲ್ಲಿ ಹಾಕಿ ನೋಡು. ಅದೇ ಚಿತ್ರದಲ್ಲಿ ನಡುವೆ ಒಂದು ಮಂಕು ಚೌಕ, ಎರಡು ಬದಿ ಬೆಳ್ಳಗೆ ಕಂಡರೆ ಹಿಂದಿನವರು ವರ್ಷಗಟ್ಟಲೆ 4:3, ಅಂದರೆ ಹಳೆ ಟಿವಿಯ ಕಡಿಮೆ ಅಗಲದ ಅಳತೆಯ ಚಾನೆಲ್ ಬದಿಯ ಕಪ್ಪು ಪಟ್ಟಿ ಸಮೇತ ನೋಡಿದ್ದಾರೆ ಅಂತ ಅರ್ಥ. ನೆರಳು ತಗ್ಗಿಸಲು ಎಲ್‌ಜಿ ಸೆಟ್‌ಗಳಲ್ಲಿ ಐಎಸ್‌ಎಂ ಮೆನುವಿನಲ್ಲಿ ವೈಟ್ ವಾಶ್ (ಪೂರ್ತಿ ಬಿಳಿ ಪರದೆ), ಆರ್ಬಿಟರ್ ಇರುತ್ತವೆ. ಸ್ಯಾಮ್‌ಸಂಗ್‌ನಲ್ಲಿ ಸ್ಕ್ರೀನ್ ಬರ್ನ್ ಪ್ರೊಟೆಕ್ಷನ್ ಒಳಗೆ ಪಿಕ್ಸೆಲ್ ಶಿಫ್ಟ್, ಸ್ಕ್ರೋಲಿಂಗ್. ಚಿತ್ರವನ್ನು ಆಗಾಗ ಚೂರು ಸರಿಸುವ ಆರ್ಬಿಟರ್ ಅಥವಾ ಪಿಕ್ಸೆಲ್ ಶಿಫ್ಟ್ ಯಾವಾಗಲೂ ಆನ್ ಇರಲಿ.

ಲ್ಯಾಪ್‌ಟಾಪ್ ಅಕ್ಷರದ ವಿಷಯ: 42 ಇಂಚಿನ ಎಷ್ಟೋ ಪ್ಲಾಸ್ಮಾಗಳಲ್ಲಿ ಇರುವುದು 1024×768 ಪಿಕ್ಸೆಲ್. ಅಗಲ ಪರದೆ ತುಂಬಲು ಒಂದೊಂದು ಪಿಕ್ಸೆಲ್ಲನ್ನೂ ಅಡ್ಡಕ್ಕೆ ಅಗಲ ಮಾಡಿರುತ್ತಾರೆ. ಸಿನಿಮಾದಲ್ಲಿ ಗೊತ್ತಾಗುವುದಿಲ್ಲ, ಅಕ್ಷರದಲ್ಲಿ ಗೊತ್ತಾಗುತ್ತದೆ. ವಿಜಿಎ ಪೋರ್ಟ್ ಇದ್ದರೆ ಅದೇ 1024×768 ಕೊಟ್ಟು ನೋಡು, ಸ್ವಲ್ಪ ಸುಧಾರಿಸುತ್ತದೆ. ಕಂಪ್ಯೂಟರ್ ಕೆಲಸಕ್ಕೆ ಈ ಟಿವಿ ಬೇಡ.

ಸೇಡಂ ರೋಡ್

ಮೆಕ್ಯಾನಿಕ್ ಕರೆಸಿದೆ. ಲೇಬಲ್ ಮೇಲೆ ವಿಎಸ್ 205 ಅಂತಿತ್ತು, ಮೀಟರಿನಲ್ಲಿ 197 ಬರುತ್ತಿತ್ತು. ಅವರು ನಿಧಾನವಾಗಿ 205ಕ್ಕೆ ತಂದು ನಿಲ್ಲಿಸಿದರು. ಟಿವಿ ತಣ್ಣಗಾದ ಮೇಲೆ ಮತ್ತೆ ಹಚ್ಚಿ ರಾತ್ರಿಯ ಸೀನ್ ಹಾಕಿದೆವು. ಸೋಫಾದಿಂದ ಒಂದು ಚುಕ್ಕಿಯೂ ಕಾಣಲಿಲ್ಲ. ಲೋಗೋ ನೀಲಿ ಬಣ್ಣದ ಚಿತ್ರದಲ್ಲಿ ಹುಡುಕಿದರೆ ಸಿಗುತ್ತದೆ, ಮ್ಯಾಚ್ ನೋಡುವಾಗ ಕಾಣುವುದಿಲ್ಲ. ನಡುವೆ ಚೌಕವೂ ಇಲ್ಲ. ಟಿವಿ ಮಾರುವವರು ಹೇಳಿದ ರೇಟಿನಲ್ಲಿ ಮೆಕ್ಯಾನಿಕ್ ಖರ್ಚು ಕಳೆದು ಕೊಡುತ್ತೇನೆ ಅಂದೆ, ಒಪ್ಪಿದರು. ಇಟ್ಟುಕೊಳ್ಳುತ್ತಿದ್ದೇವೆ.

ಕೊನೆಯ ಪ್ರಶ್ನೆ. ಗೋಡೆಯ ಗೂಡಿನೊಳಗೆ ಕೂಡಿಸಲಾ, ಸ್ಟ್ಯಾಂಡ್ ಮೇಲೇ ಇರಲಾ?

ಬೀದರ್ ಕಾಕಾ

ಸ್ಟ್ಯಾಂಡ್ ಮೇಲೇ ಇರಲಿ ತಮ್ಮಾ. ಟಿವಿಯ ಜೊತೆ ಬರುವ ಪುಸ್ತಕದಲ್ಲಿ ಸಾಮಾನ್ಯವಾಗಿ 40 ಡಿಗ್ರಿವರೆಗೆ ಓಡಿಸಬಹುದು ಅಂತ ಇರುತ್ತದೆ. ನಮ್ಮ ಕಲಬುರಗಿ, ಬೀದರ್ ಕಡೆ ಏಪ್ರಿಲ್, ಮೇನಲ್ಲಿ ಹೊರಗಿನ ಬಿಸಿಲೇ ಅದನ್ನು ದಾಟುತ್ತದೆ. ಗೂಡಿನೊಳಗೆ ಪ್ಲಾಸ್ಮಾ ತನ್ನದೇ ಬಿಸಿಯಲ್ಲಿ ಬೇಯುತ್ತದೆ. ಸುತ್ತ ಒಂದು ಗೇಣು ಜಾಗ ಬಿಡು, ಬೇಸಿಗೆ ಮಧ್ಯಾಹ್ನ ಆರಿಸಿಡು, ಹಿಂದಿನ ಜಾಲರಿಯ ಧೂಳನ್ನು ಮೆತ್ತನೆ ಬ್ರಷ್‌ನಿಂದ ತೆಗೆ. ಕರೆಂಟ್ ಹೋಗಿ ಬಂದ ಕೂಡಲೇ ಹಚ್ಚಬೇಡ, ಒಳ್ಳೆಯ ಸ್ಟೆಬಿಲೈಸರ್ ಹಾಕಿಸು.

ಹಾಂ, ಇನ್ನು ಮುಂದೆ ಎಲ್ಲಿಗೆ ಒಯ್ಯುವುದಿದ್ದರೂ ನಿಲ್ಲಿಸಿಯೇ ಒಯ್ಯಿ. ಆಟೋದಲ್ಲಿ ಮಲಗಿಸಿದರೆ ಗಾಜು ತನ್ನ ಭಾರಕ್ಕೇ ಬಿರುಕು ಬಿಡಬಹುದು. ಅಪ್ಪನಿಗೆ ಹೇಳು, ಮ್ಯಾಚ್ ಮುಗಿದ ಮೇಲೆ ಸ್ಕೋರ್ ಪಟ್ಟಿ ನಿಂತಿರುವ ಚಾನೆಲ್ ಹಾಗೇ ಬಿಟ್ಟು ಊಟಕ್ಕೆ ಹೋಗಬೇಡಿ ಅಂತ.