ಸಹಾಯ ಬೇಕು: ಚೋಮನ ಸಾಲ ಮತ್ತು ಗೇಣಿಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿಯನ್ನು ವರ್ಗದ ದೃಷ್ಟಿಯಿಂದ ಓದುತ್ತಿದ್ದೇವೆ. ಪೀಠಿಕೆ ಮಾತು ನನ್ನದು.

ಚೋಮನ ಹತ್ತಿರ ಎತ್ತುಗಳಿವೆ, ದುಡಿಯುವ ಕೈಗಳಿವೆ. ಇಲ್ಲದ್ದು ಭೂಮಿ ಮಾತ್ರ. ಧಣಿ ಸಂಕಪ್ಪಯ್ಯನ ಮನೆಯಲ್ಲಿ ಗೇಣಿಗೆ ಭೂಮಿ ಕೇಳಿದರೆ ಅಡ್ಡ ಬರುವುದು ಚೋಮನ ಜಾತಿ. ಆದರೆ ಮಕ್ಕಳನ್ನು ಕಾಫಿ ತೋಟಕ್ಕೆ ಎಳೆಯುವುದು ಹಳೇ ಸಾಲ. ಚೋಮನ ಮಗಳು ಬೆಳ್ಳಿಯ ಭಾಗ ಓದುವಾಗ ನನಗೆ ತುಂಬಾ ಸಂಕಟವಾಗುತ್ತದೆ. ಸಾಲದ ಲೆಕ್ಕ ಯಾರ ಕೈಯಲ್ಲಿದೆಯೋ ಅವರಿಗೆ ಅವಳ ಮೈಮೇಲೂ ಅಧಿಕಾರ! ಇದನ್ನು ಸುಮ್ನೆ 'ಬಡತನ' ಅಂದರೆ ಸಾಲದು, ಅಲ್ವಾ? ಬರೀ ವರ್ಗ ಅಂದರೆ ಅಸ್ಪೃಶ್ಯತೆ ಮರೆಯಾಗುತ್ತದೆ, ಅದೂ ತಪ್ಪು.

ನನಗೆ ಬೇಕಿರುವುದು ಆ ಕಾಲದ ಹಿನ್ನೆಲೆ. 1930ರ ಸುಮಾರಿಗೆ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಗ ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ) ಹೇಗೆ ನಡೆಯುತ್ತಿದ್ದವು? ದಲಿತರಿಗೆ ಗೇಣಿ ಸಿಕ್ಕ ಉದಾಹರಣೆ ಇದೆಯೇ? ಘಟ್ಟದ ತೋಟಗಳು ಮುಂಗಡ ಕೊಟ್ಟು ಆಳು ಹಿಡಿಯುತ್ತಿದ್ದ ಪದ್ಧತಿ ಬಗ್ಗೆ ಕನ್ನಡದಲ್ಲಿ ಪುಸ್ತಕ, ಲೇಖನ ಏನಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. 1974ರ ಭೂಸುಧಾರಣೆಗೆ ಮುಂಚೆ ಗೇಣಿ ಮಾಡಿದ ಹಿರಿಯರ ನೆನಪುಗಳಾದರೆ ಇನ್ನೂ ಒಳ್ಳೆಯದು. ಧ್ವನಿ ಸಂದೇಶ ಕಳಿಸಿದರೂ ನಾನೇ ಬರೆದುಕೊಳ್ಳುತ್ತೇನೆ.