ಪರೀಕ್ಷೆ ಅಂದರೆ ಕೈ ನಡುಗುವ ನರ್ಸ್‌ಗಳಿಗೆ ಏನು ಮಾಡಬಹುದು?

ಕೇಳಿದವರು, ವಾರ್ಡ್ ಇನ್‌ಚಾರ್ಜ್:
ನಮ್ಮ ಹುಡುಗಿಯರು ಕೆಲಸದಲ್ಲಿ ಗಟ್ಟಿಗರು. ಆದರೆ ಡೋಸ್ ಲೆಕ್ಕದ ಪರೀಕ್ಷೆ, ಡಮ್ಮಿ ಮೇಲೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಳಿಸುವ ತುರ್ತು ಚಿಕಿತ್ಸೆ) ಮಾಡಿ ತೋರಿಸುವುದು ಅಂದರೆ ಕೆಲವರಿಗೆ ಹಿಂದಿನ ರಾತ್ರಿ ನಿದ್ದೆಯೇ ಇಲ್ಲ. "ಹೆದರಬೇಡಿ" ಅಂದರೆ ಇನ್ನೂ ಜಾಸ್ತಿ ಹೆದರುತ್ತಾರೆ. ನಿಮಗೆ ಯಾವುದರಿಂದ ಉಪಯೋಗ ಆಗಿದೆ?

ಐಸಿಯು ನರ್ಸ್:
ಸಿಸ್ಟರ್, ನನಗೂ ಹೀಗೇ ಆಗುತ್ತಿತ್ತು. ರೋಗಿಯ ಹತ್ತಿರ ಇದ್ದಾಗ ಗಮನವೆಲ್ಲ ರೋಗಿಯ ಮೇಲೆ. ಪರೀಕ್ಷೆಯಲ್ಲಿ ನಮ್ಮ ಮೇಲೇ. ಅದಕ್ಕೇ ನೋಡುವವರ ಎದುರೇ ಅಭ್ಯಾಸ ಮಾಡಬೇಕು. ಮೊದಲು ಒಬ್ಬ ಗೆಳತಿಯ ಎದುರು, ಆಮೇಲೆ ಇಬ್ಬರು ಮೂವರ ಎದುರು, ಕೊನೆಗೆ ಅಂಕದ ಹಾಳೆ ಹಿಡಿದು ಮಾತಿಲ್ಲದೆ ನಿಲ್ಲುವವರ ಎದುರು. (ಆ ಮೌನವೇ ಕಷ್ಟ ನೋಡಿ!) ದೊಡ್ಡವರಿಗೆ ಸಿಪಿಆರ್ ಮಾಡುವಾಗ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಬೇಕಲ್ಲ, ಅದನ್ನು ಬಾಯಿಬಿಟ್ಟು ಎಣಿಸಲಿ. ಎಣಿಕೆ ತಪ್ಪದಂತೆ ನೋಡಿಕೊಳ್ಳುವಾಗ ಬೇರೆಯವರು ಏನಂದುಕೊಂಡರು ಎಂಬ ಚಿಂತೆಗೆ ಪುರುಸೊತ್ತು ಇರುವುದಿಲ್ಲ.

ನರ್ಸಿಂಗ್ ಕಲಿಸುವವರು:
ಓದಿದ್ದನ್ನೇ ಮತ್ತೆ ಓದಿಸಬೇಡಿ. ಓದುವಾಗ ಎಲ್ಲಾ ಗೊತ್ತು ಅನ್ನಿಸುತ್ತದೆ, ಪ್ರಶ್ನೆ ಬಂದಾಗ ಗಂಟಲು ಒಣಗುತ್ತದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ವಾರ ಕಳೆದ ಮೇಲೆ ಹೆಚ್ಚು ನೆನಪಿಟ್ಟಿದ್ದವರು ಮತ್ತೆ ಮತ್ತೆ ಓದಿದವರಲ್ಲ, ಪುಟ ಮುಚ್ಚಿ ನೆನಪಿನಿಂದ ಬರೆದವರು. ಹ್ಯಾಂಡೋವರ್ (ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುವುದು) ಮುಗಿದ ಮೇಲೆ ಒಂದೇ ಒಂದು ಲೆಕ್ಕ ಕೇಳಿ. ಆರ್ಡರ್ 250 ಮಿ.ಗ್ರಾಂ., ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ., ಹಾಗಾದರೆ ಎಷ್ಟು ಕೊಡಬೇಕು? 10 ಮಿ.ಲೀ. ಅಷ್ಟೇ, ಮುಗಿಯಿತು. ಯಾರು ತಪ್ಪಿದರು ಅಂತ ಬರೆದಿಡಬೇಡಿ. ಬರೆದಿಟ್ಟರೆ ಅದೂ ಪರೀಕ್ಷೆಯೇ ಆಯಿತು, ಅಲ್ವಾ?

ನೈಟ್ ಡ್ಯೂಟಿಯವಳು:
ನೈಟ್ ಮುಗಿದ ಬೆಳಿಗ್ಗೆಯೇ ಪರೀಕ್ಷೆ ಇಡಬೇಡಿ ಸಿಸ್ಟರ್. ರೋಸ್ಟರ್ ನಿಮ್ಮ ಕೈಯಲ್ಲೇ ಇದೆ. ಇನ್ನೊಂದು, ಫೇಲಾದರೆ ಏನಾಗುತ್ತದೆ ಅಂತ ಮೊದಲೇ ಹೇಳಿಬಿಡಿ. ಇನ್ನೊಂದು ಅವಕಾಶ ಇದೆಯಾ, ಯಾವಾಗ, ಅಷ್ಟರವರೆಗೆ ಡ್ಯೂಟಿ ಹೇಗೆ? ನಮ್ಮಲ್ಲಿ ಇದನ್ನು ಯಾರೂ ಹೇಳುತ್ತಿರಲಿಲ್ಲ. ಕೆಲಸವೇ ಹೋಗುತ್ತದೆ ಅಂತ ಸುಮ್ನೆ ಗುಲ್ಲು ಹಬ್ಬುತ್ತಿತ್ತು.

ಎಮರ್ಜೆನ್ಸಿ ನರ್ಸ್:
ಉಸಿರಾಟದ ಅಭ್ಯಾಸ ಕೆಲವರಿಗೆ ಹಿಡಿಸುತ್ತದೆ. ನನಗಂತೂ ಏನೂ ಆಗಲಿಲ್ಲ, ಒತ್ತಾಯ ಮಾಡಬೇಡಿ. ಆದರೆ ಒಂದು ಗಮನಿಸಿ. ಎದೆಬಡಿತ ತಗ್ಗಿಸಲು ತಾವಾಗಿಯೇ ಪ್ರೊಪ್ರನಲಾಲ್ ಮಾತ್ರೆ ನುಂಗುವವರನ್ನು ನೋಡಿದ್ದೇನೆ. ಆಸ್ತಮಾ ಇದ್ದವರಿಗೆ ಅದು ಅಪಾಯ ಅಂತ ನಾವೇ ರೋಗಿಗಳಿಗೆ ಹೇಳುತ್ತೇವೆ! ಡಾಕ್ಟರ್ ಕೇಳದೆ ಬೇಡ. ಪರೀಕ್ಷೆ ಮುಗಿದ ಮೇಲೂ ನಿದ್ದೆ, ಊಟ ಸರಿಹೋಗದಿದ್ದರೆ ಅಂಥವರನ್ನು ಆಪ್ತಸಮಾಲೋಚಕರ ಹತ್ತಿರ ಕಳಿಸಿ. ಇಡೀ ವಾರ್ಡಿಗೆ ಗೊತ್ತಾಗದ ಹಾಗೆ.